ಹತ್ತಾರು ವಂಶವೃಕ್ಷಗಳಲ್ಲಿ ಇದ್ದರೆ ಅದು ಸಾಕ್ಷಿಯಾ? ಸಮಾಧಿ ಪುಟ ತಿದ್ದಿಸುವುದು ಹೇಗೆ?

ಬೇರುಹುಡುಕಿ
ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ತಲೆ ಕೆಟ್ಟುಹೋಗಿದೆ, ದಾರಿ ಹೇಳಿ.

ನನ್ನ ಮುತ್ತಜ್ಜನ ಸಮಾಧಿಗೆ ಆನ್‌ಲೈನ್‌ನಲ್ಲಿ ಒಂದು ಪುಟ ಇದೆ. ಯಾವ ತಾಣ ಅಂತ ಹೇಳುವುದಿಲ್ಲ, ಇಲ್ಲಿ ಅದು ಮುಖ್ಯವೂ ಅಲ್ಲ. ಪುಟ ಮಾಡಿದವರು ನಮ್ಮ ಮನೆಯವರಲ್ಲ, ಯಾರೋ ಸ್ವಯಂಸೇವಕರು. ಕಲ್ಲಿನ ಫೋಟೊ ಚೆನ್ನಾಗಿ ತೆಗೆದಿದ್ದಾರೆ, ಅದಕ್ಕೆ ನಿಜವಾಗಿಯೂ ಋಣಿ. ಆದರೆ ಅಪ್ಪ ಅಮ್ಮ ಅಂತ ಲಿಂಕ್ ಮಾಡಿರುವುದು ಬೇರೆ ಯಾರನ್ನೋ. ಹುಟ್ಟಿದ ತಾರೀಖನ್ನೂ ಹಾಕಿದ್ದಾರೆ, ಅದು ಕಲ್ಲಿನಲ್ಲೇ ಇಲ್ಲ. ಕಲ್ಲಿನಲ್ಲಿ ಇರುವುದು ಹೆಸರು, ತೀರಿಕೊಂಡ ವರ್ಷ, ವಯಸ್ಸು, ಅಷ್ಟೇ. ವರ್ಷದ ಕೊನೆಯ ಅಂಕಿ ಇರುವ ಕಡೆ ಚಕ್ಕೆ ಎದ್ದಿದೆ. 3 ಅಂತಲೂ ಓದಬಹುದು, 8 ಅಂತಲೂ ಓದಬಹುದು. ಪುಟದಲ್ಲಿ 8 ಅಂತಲೇ ಹಾಕಿಬಿಟ್ಟಿದ್ದಾರೆ.

ಮುತ್ತಜ್ಜನ ಮದುವೆ ರಿಜಿಸ್ಟರಿನ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ತಂದೆಯ ಹೆಸರು ಬೇರೆ. ಅದನ್ನು ಕಳಿಸಿ ದಯವಿಟ್ಟು ತಿದ್ದಿ ಅಂತ ಕೇಳಿದೆ. "ಹತ್ತಾರು ವಂಶವೃಕ್ಷಗಳಲ್ಲಿ ಹೀಗೇ ಇದೆ, ಅವರೆಲ್ಲ ತಪ್ಪಾ?" ಅಂತ ಉತ್ತರ ಬಂತು. ಜನ ಆನ್‌ಲೈನ್‌ನಲ್ಲಿ ಹಾಕಿರುವ ವೃಕ್ಷಗಳನ್ನು ನೋಡಿದರೆ ನಿಜವಾಗಿಯೂ ಹಾಗೇ ಇದೆ. ಎಲ್ಲ ಕಡೆ ಅದೇ ದಂಪತಿ, ಅದೇ ತಾರೀಖು. ಈಗ ಏನು ಮಾಡಲಿ?

ಕಲ್ಲೋದುಗ
ಹತ್ತಾರು ಕಡೆ ಇದೆ ಅನ್ನುವುದು ಸಾಕ್ಷಿಯೇ ಅಲ್ಲ. ಮೊದಲು ಒಬ್ಬರು ಹಾಕಿದರು, ಉಳಿದವರು ಒಂದು ಬಟನ್ ಒತ್ತಿ ತಮ್ಮ ವೃಕ್ಷಕ್ಕೆ ಎಳೆದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು.

ಮೂರನೇತಲೆಮಾರು
ಮದುವೆ ರಿಜಿಸ್ಟರ್ ಇದೆಯಲ್ಲ, ಅದಕ್ಕಿಂತ ಏನು ಬೇಕು? ತಾಣದವರಿಗೆ ನೇರವಾಗಿ ದೂರು ಕೊಡಿ.

ಹಳೇಕಡತ
ದೂರು ಆಮೇಲೆ ಕೊಡೋಣ. ಮೊದಲು ನಿಮ್ಮ ಕೈ ಗಟ್ಟಿ ಮಾಡಿಕೊಳ್ಳಿ.

ಆ ವಂಶವೃಕ್ಷಗಳನ್ನು ಒಂದೊಂದಾಗಿ ತೆರೆದು "ಆಧಾರ" ಅನ್ನುವ ಕಡೆ ಏನಿದೆ ನೋಡಿ. ಮುಕ್ಕಾಲು ಪಾಲು ಖಾಲಿ ಇರುತ್ತದೆ, ಇಲ್ಲವೇ "ಇನ್ನೊಂದು ವೃಕ್ಷ" ಅಂತ ಇರುತ್ತದೆ. ಕೆಲವರು ಆ ಸಮಾಧಿ ಪುಟವನ್ನೇ ಆಧಾರ ಅಂತ ತೋರಿಸಿರುತ್ತಾರೆ. ಪುಟದವರು ವೃಕ್ಷವನ್ನು ತೋರಿಸುತ್ತಾರೆ, ವೃಕ್ಷದವರು ಪುಟವನ್ನು ತೋರಿಸುತ್ತಾರೆ. ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲುತ್ತದೆ. ಇಷ್ಟರಲ್ಲಿ ಯಾರೊಬ್ಬರೂ ಒಂದು ಮೂಲ ಕಾಗದ ಮುಟ್ಟಿರುವುದಿಲ್ಲ.

ಇನ್ನೊಂದು ಅನುಮಾನ. ಪುಟದಲ್ಲಿರುವ ಹುಟ್ಟಿದ ವರ್ಷ ಹೇಗೆ ಬಂತು ಅಂತ ಲೆಕ್ಕ ಹಾಕಿದ್ದೀರಾ? ತೀರಿಕೊಂಡ ವರ್ಷ 8 ಅಂತ ಓದಿ, ಅದರಿಂದ ವಯಸ್ಸು ಕಳೆದು, ಬಂದ ವರ್ಷದಲ್ಲಿ ಅದೇ ಹೆಸರಿನ ಮಗು ಯಾರಿಗೆ ಹುಟ್ಟಿದೆ ಅಂತ ಹುಡುಕಿರಬಹುದು. ಸಿಕ್ಕ ದಂಪತಿಗೆ ಲಿಂಕ್ ಮಾಡಿರಬಹುದು. ಹಾಗಾಗಿದ್ದರೆ ಇಷ್ಟೆಲ್ಲ ರಾದ್ಧಾಂತಕ್ಕೆ ಆ ಒಂದು ಅಂಕಿಯೇ ಕಾರಣ.

ಬೇರುಹುಡುಕಿ
@ಹಳೇಕಡತ ಈಗಲೇ ಲೆಕ್ಕ ಹಾಕಿದೆ. 8 ಅಂತ ಇಟ್ಟುಕೊಂಡರೆ ಅವರು ಹಾಕಿರುವ ಹುಟ್ಟಿದ ವರ್ಷವೇ ಬರುತ್ತದೆ! 3 ಅಂತ ಇಟ್ಟುಕೊಂಡರೆ ಐದು ವರ್ಷ ಹಿಂದೆ ಹೋಗುತ್ತದೆ. ಮದುವೆ ರಿಜಿಸ್ಟರಿನ ವಯಸ್ಸಿಗೆ ಅದು ಸರಿಹೊಂದುತ್ತದೆ.

ಒಂದೇಸಾಲು
ಕಲ್ಲಿನಲ್ಲಿ ಕೆತ್ತಿದ್ದು ಶಾಶ್ವತ ಅಲ್ವಾ? ಅದನ್ನೇ ನಂಬಬಾರದು ಅಂದರೆ ಇನ್ನು ಯಾವುದನ್ನು ನಂಬುವುದು?

ಕಲ್ಲೋದುಗ
@ಒಂದೇಸಾಲು ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಥಾಮಸ್ ಪಾರ್ ಅನ್ನುವವನ ಸಮಾಧಿ ಕಲ್ಲಿದೆ. ಹುಟ್ಟಿದ್ದು 1483, ಹೂಳಿದ್ದು 1635ರ ನವೆಂಬರ್, ವಯಸ್ಸು 152, ಹತ್ತು ಅರಸರ ಆಳ್ವಿಕೆ ಕಂಡವನು ಅಂತ ಅದರಲ್ಲಿ ಕೆತ್ತಿದ್ದಾರೆ. ಅಷ್ಟು ದೊಡ್ಡ ಜಾಗದಲ್ಲಿ, ಅಷ್ಟು ಸ್ಪಷ್ಟವಾಗಿ. ರಕ್ತ ಸಂಚಾರವನ್ನು ವಿವರಿಸಿದ ವಿಲಿಯಂ ಹಾರ್ವೆಯೇ ಅವನ ಶವಪರೀಕ್ಷೆ ಮಾಡಿದ್ದ. ಹಾಗಂತ 152 ವರ್ಷ ಬದುಕಿದ್ದ ಅಂತ ಈಗ ಯಾರಾದರೂ ಒಪ್ಪುತ್ತಾರಾ? ಪಕ್ಕಾ ದಾಖಲೆ ಇರುವವರಲ್ಲಿ ಅತಿ ಹೆಚ್ಚು ಬದುಕಿದವರು ಫ್ರಾನ್ಸಿನ ಜೀನ್ ಕಾಲ್ಮಾ, 122 ವರ್ಷ. ಕಲ್ಲಿಗೆ ಏನೂ ಗೊತ್ತಿರುವುದಿಲ್ಲ ಸ್ವಾಮಿ. ಬರೆಸಿದವರಿಗೆ ಗೊತ್ತಿದ್ದಷ್ಟೇ ಅದರಲ್ಲಿ ಇರುತ್ತದೆ.

ಪುಟತಿರುವು
ಇದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ. ಕಲ್ಲು ಯಾವಾಗ ನಿಲ್ಲಿಸಿದ್ದು ಅಂತ ಮೊದಲು ಕೇಳಬೇಕು. ಸತ್ತ ತಕ್ಷಣ ನಿಲ್ಲಿಸಿದ್ದಾ, ಇಪ್ಪತ್ತು ವರ್ಷ ಆದಮೇಲೆ ಮೊಮ್ಮಕ್ಕಳು ದುಡ್ಡು ಹೊಂದಿಸಿ ನಿಲ್ಲಿಸಿದ್ದಾ? ಗಂಡ ಸತ್ತಾಗಲೇ ಹೆಂಡತಿಯ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ ಸಾವಿನ ಜಾಗ ಖಾಲಿ ಬಿಡುವುದುಂಟು. ಆಮೇಲೆ ಆಕೆ ಬೇರೆಲ್ಲೋ ತೀರಿಕೊಂಡು ಅಲ್ಲೇ ಮಣ್ಣಾಗಿರಬಹುದು. ಕಲ್ಲಿನಲ್ಲಿ ಹೆಸರಿದೆ, ಕೆಳಗೆ ಯಾರೂ ಇಲ್ಲ.

ಮರಣ ಪತ್ರವೂ ಅಷ್ಟೇ. ಸಾವಿನ ದಿನ, ಸ್ಥಳ ಸಾಮಾನ್ಯವಾಗಿ ಸರಿ ಇರುತ್ತದೆ, ಯಾಕಂದರೆ ಹೇಳಿದವರು ಅಲ್ಲೇ ಇದ್ದರು. ಅದೇ ಪತ್ರದಲ್ಲಿ ಹುಟ್ಟಿದ ದಿನ, ತಾಯಿಯ ಹೆಸರು ಹೇಳಿದವರು ಅಳಿಯನೋ ಪಕ್ಕದ ಮನೆಯವರೋ ಆಗಿರಬಹುದು. ಅವರು ಹುಟ್ಟನ್ನು ನೋಡಿದವರಲ್ಲ. ಒಂದೇ ಕಾಗದದಲ್ಲಿ ಅರ್ಧ ಗಟ್ಟಿ, ಅರ್ಧ ಕೇಳಿದ್ದು. ಇದನ್ನು ಬೇರೆ ಮಾಡಿ ನೋಡುವುದನ್ನು ಕಲಿತರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಕ್ಯಾಮೆರಾಹೆಗಲು
ನಾನು ಸ್ವಯಂಸೇವಕ, ಆ ಕಡೆಯಿಂದ ಮಾತಾಡುತ್ತೇನೆ. ಬಿಸಿಲಲ್ಲಿ ಸಾಲು ಸಾಲು ಕಲ್ಲುಗಳ ಫೋಟೊ ತೆಗೆದು, ರಾತ್ರಿ ಕೂತು ಅಕ್ಷರ ಓದಿ ಹಾಕುವವರು ನಾವು. ಸಂಬಳ ಇಲ್ಲ. ಎಷ್ಟೋ ಕಲ್ಲುಗಳು ಈಗ ಬಿದ್ದುಹೋಗಿವೆ, ನಮ್ಮ ಫೋಟೊ ಮಾತ್ರ ಉಳಿದಿದೆ. ತಿದ್ದಿ ಅಂತ ಬರುವ ಸಂದೇಶಗಳಲ್ಲಿ ಅರ್ಧಕ್ಕೆ ಯಾವ ದಾಖಲೆಯೂ ಇರುವುದಿಲ್ಲ. "ನಮ್ಮಜ್ಜಿ ಹೇಳುತ್ತಿದ್ದರು" ಅಂತ ಬರೆಯುತ್ತಾರೆ. ಅದೇ ಪುಟಕ್ಕೆ ಇನ್ನೊಬ್ಬ ಮೊಮ್ಮಗ ಬೇರೆ ತಾರೀಖು ಕಳಿಸುತ್ತಾನೆ. ನಾವು ಯಾರ ಮಾತು ಕೇಳಬೇಕು?

ಹಳೇಕಡತ
@ಕ್ಯಾಮೆರಾಹೆಗಲು ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲಿನಲ್ಲಿ ಇರುವುದನ್ನು ಹಾಕುವುದು ಒಂದು ಕೆಲಸ. ಕಲ್ಲಿನಲ್ಲಿ ಇಲ್ಲದ ಅಪ್ಪ ಅಮ್ಮನನ್ನು ಸೇರಿಸುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ಕೈ ಹಾಕಿದ ಮೇಲೆ ಆಧಾರ ಕೊಡುವ ಹೊಣೆಯೂ ನಿಮ್ಮದೇ. ಓದಲಾಗದ ಅಂಕಿ ಇದ್ದರೆ "3 ಅಥವಾ 8" ಅಂತಲೇ ಬರೆಯಿರಿ. ಹಾಗೆ ಬರೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕ್ಯಾಮೆರಾಹೆಗಲು
ಒಪ್ಪಿದೆ. ನಾನು ಹಾಗೇ ಮಾಡುವುದು. ತಂದೆ ತಾಯಿ ಲಿಂಕ್ ಅಂತೂ ದಾಖಲೆ ನೋಡದೆ ಮುಟ್ಟುವುದಿಲ್ಲ.

ನೋಡಿಬರೆ
ಹೊಸಬರಿಗಾಗಿ ಒಂದು ಹಿನ್ನೆಲೆ. ಫೈಂಡ್ ಎ ಗ್ರೇವ್ ತಾಣವನ್ನು ಜಿಮ್ ಟಿಪ್ಟನ್ ಎಂಬವರು 1995ರಲ್ಲಿ ಶುರು ಮಾಡಿದ್ದು, ಹೆಸರಾಂತ ಜನರ ಸಮಾಧಿಗಳನ್ನು ನೋಡುವ ಹವ್ಯಾಸದಿಂದ. 2013ರಲ್ಲಿ ವಂಶವೃಕ್ಷ ತಾಣ ನಡೆಸುವ ಆನ್ಸೆಸ್ಟ್ರಿ ಕಂಪನಿ ಅದನ್ನು ಕೊಂಡುಕೊಂಡಿತು. ಅಲ್ಲಿ ಯಾರು ಬೇಕಾದರೂ ಪುಟ ಮಾಡಬಹುದು, ಫೋಟೊ ಇಲ್ಲದೆಯೂ ಮಾಡಬಹುದು. ಮಾಡಿದವರೇ ಅದರ ಉಸ್ತುವಾರಿ. ಬೇರೆಯವರು ತಿದ್ದುಪಡಿ ಸೂಚಿಸಬಹುದು. ಹತ್ತಿರದ ಸಂಬಂಧಿಕರಾಗಿದ್ದರೆ ಪುಟವನ್ನೇ ತಮ್ಮ ಹೆಸರಿಗೆ ಕೇಳಬಹುದು. 2011ರಲ್ಲಿ ಬಂದ ಬಿಲಿಯನ್‌ಗ್ರೇವ್ಸ್ ಬೇರೆ ಥರ. ಅಲ್ಲಿ ಫೋನಿನಿಂದ ತೆಗೆದ ಫೋಟೊ ಜತೆ ಜಿಪಿಎಸ್ ಗುರುತೂ ಸೇರುತ್ತದೆ. ಹಾಗಾಗಿ ಕಲ್ಲು ಎಲ್ಲಿದೆ ಅನ್ನುವುದಾದರೂ ಗಟ್ಟಿ. ಎರಡು ಕಡೆಯೂ ನಾನು ಮೊದಲು ನೋಡುವುದು ಫೋಟೊ ಇದೆಯಾ ಅಂತ. ಫೋಟೊ ಇಲ್ಲದ ಪುಟ ನನಗೆ ಸುಳಿವು ಮಾತ್ರ.

ಸಂಜೆಗಾಳಿ
ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕು. ನಮ್ಮ ಚಿಕ್ಕಮ್ಮ ತೀರಿಕೊಂಡಾಗ ಮಣ್ಣು ಮಾಡುವ ಮುಂಚೆಯೇ ಯಾರೋ ಗುರುತಿಲ್ಲದವರು ಅವರ ಹೆಸರಲ್ಲಿ ಪುಟ ಮಾಡಿದ್ದರು. ಪತ್ರಿಕೆಯ ನಿಧನ ವಾರ್ತೆ ನೋಡಿ ಹಾಗೇ ಇಳಿಸಿದ್ದು. ವಾರ್ತೆಯಲ್ಲಿ ಮಗಳ ಹೆಸರು ತಪ್ಪಾಗಿತ್ತು, ಪುಟದಲ್ಲೂ ತಪ್ಪು. ಮಗಳು ಅದನ್ನು ನೋಡಿ ಅತ್ತಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಇಷ್ಟು ಅವಸರ ಯಾಕೆ? ಪುಟಗಳ ಸಂಖ್ಯೆ ಜಾಸ್ತಿ ಮಾಡಿಕೊಂಡು ಏನು ಸಿಗುತ್ತದೆ?

ಕ್ಯಾಮೆರಾಹೆಗಲು
@ಸಂಜೆಗಾಳಿ ಅಕ್ಕ, ಇದನ್ನು ನಾನೂ ಸಮರ್ಥಿಸುವುದಿಲ್ಲ. ಹೊಸ ಸಾವು ಮನೆಯವರದ್ದು. ಅವರಾಗಿ ಕೇಳುವವರೆಗೆ ದೂರ ಇರಬೇಕು.

ಪುಟತಿರುವು
ಬದುಕಿರುವವರ ವಿಷಯವೂ ಸೇರಿಸಿ. ವಂಶವೃಕ್ಷದಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲ ಬಹಿರಂಗವಾಗಿ ಇಡುತ್ತಾರೆ. ಬ್ಯಾಂಕಿನವರು ಗುರುತಿಗೆ ಕೇಳುವುದು ಇದನ್ನೇ ಅಲ್ವಾ.

ಮೂರನೇತಲೆಮಾರು
ಮೂಲ ಪ್ರಶ್ನೆಗೆ ಬರೋಣ. ಒಂದೇ ಹೆಸರಿನ ಇಬ್ಬರು ಒಂದೇ ಕಡೆ ಇದ್ದರೆ ಬೇರೆ ಮಾಡುವುದು ಹೇಗೆ? ನನಗೂ ಇದೇ ಗೋಳು.

ಹಳೇಕಡತ
ಒಬ್ಬೊಬ್ಬರಿಗೂ ಬೇರೆ ಹಾಳೆ ಇಡಿ. ಹೆಸರಿನ ಹಿಂದೆ ಹೋಗಬೇಡಿ, ಮನುಷ್ಯನ ಹಿಂದೆ ಹೋಗಿ. ಯಾರ ಜತೆ ಕಾಣಿಸಿಕೊಳ್ಳುತ್ತಾನೆ, ಸಾಕ್ಷಿ ಹಾಕಿದವರು ಯಾರು, ಕಸುಬು ಏನು, ಸಹಿ ಹೇಗಿದೆ, ಪಕ್ಕದ ಸಮಾಧಿ ಯಾರದ್ದು. ಎಲ್ಲಕ್ಕಿಂತ ಮುಖ್ಯ, ನಿಮಗೆ ಬೇಡದ ಆ ಇನ್ನೊಬ್ಬನನ್ನೂ ಕೊನೆವರೆಗೂ ಹಿಂಬಾಲಿಸಿ. ಅವನು ಯಾವಾಗ ಸತ್ತ, ಎಲ್ಲಿ ಸತ್ತ? ಈ ಕೆಲಸವನ್ನು ಯಾರೂ ಮಾಡುವುದಿಲ್ಲ. ಹೆಸರು ಸಿಕ್ಕ ಖುಷಿಗೆ ಅಲ್ಲೇ ನಿಲ್ಲಿಸಿಬಿಡುತ್ತಾರೆ.

ಇದಕ್ಕೆ ದೊಡ್ಡ ಉದಾಹರಣೆ ಸಂಗೀತಗಾರ ಬೀಥೋವನ್. ಅವನ ತಂದೆ ತಾಯಿಗೆ 1769ರಲ್ಲಿ ಲುಡ್ವಿಗ್ ಮರಿಯಾ ಅಂತ ಒಂದು ಮಗು ಹುಟ್ಟಿ ಕೆಲವೇ ದಿನಕ್ಕೆ ಹೋಗಿಬಿಟ್ಟಿತು. ಮುಂದಿನ ವರ್ಷ ಹುಟ್ಟಿದವನಿಗೂ ಲುಡ್ವಿಗ್ ಅಂತಲೇ ಇಟ್ಟರು, 1770ರ ಡಿಸೆಂಬರ್ 17ಕ್ಕೆ ದೀಕ್ಷಾಸ್ನಾನ ಆಯಿತು. ದೊಡ್ಡವನಾದ ಮೇಲೆ ಬೀಥೋವನ್ ತಾನು ಹುಟ್ಟಿದ್ದು 1772ರಲ್ಲಿ ಅಂತ ನಂಬಿದ್ದ. 1770ರ ಪತ್ರ ತೋರಿಸಿದರೆ ಅದು ಅಣ್ಣನದ್ದು ಅನ್ನುತ್ತಿದ್ದ. ಅಣ್ಣ ಹುಟ್ಟಿ ಸತ್ತ ವರ್ಷದ ದಾಖಲೆ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಗೊಂದಲ ಬಗೆಹರಿಯುವುದು.

ಒಂದೇಸಾಲು
ಸ್ವಂತ ಹುಟ್ಟಿದ ವರ್ಷವೇ ಗೊತ್ತಿರಲಿಲ್ಲವಾ! ಹಾಗಾದರೆ ಅಜ್ಜಿ ಹೇಳಿದ್ದಕ್ಕೆ ಬೆಲೆಯೇ ಇಲ್ಲ ಅಂತೀರಾ?

ಹಳೇಕಡತ
ಬೆಲೆ ಖಂಡಿತ ಇದೆ. ಅಜ್ಜಿ ಹೇಳಿದ್ದನ್ನು "ಅಜ್ಜಿ ಹೇಳಿದ್ದು" ಅಂತಲೇ ಬರೆದಿಡಿ, ಯಾವ ವರ್ಷ ಹೇಳಿದರು ಅನ್ನುವುದನ್ನೂ ಸೇರಿಸಿ. ಎಲ್ಲಿ ಹುಡುಕಬೇಕು ಅಂತ ಅದೇ ದಾರಿ ತೋರಿಸುತ್ತದೆ.

ನೋಡಿಬರೆ
ಅಮೆರಿಕದಲ್ಲಿ ವಂಶಾವಳಿ ತಜ್ಞರಿಗೆ ಅರ್ಹತಾ ಪತ್ರ ಕೊಡುವ ಬೋರ್ಡ್ ಒಂದಿದೆ, 1964ರಿಂದ. ಅವರ ಅಳತೆಗೋಲು ಹೀಗೆ: ಸಿಗಬಹುದಾದ ಕಡೆಯೆಲ್ಲ ಹುಡುಕಿರಬೇಕು, ಪ್ರತಿ ಮಾತಿಗೂ ಆಧಾರ ಬರೆದಿರಬೇಕು, ಸಿಕ್ಕಿದ್ದನ್ನು ಒಂದಕ್ಕೊಂದು ಹೋಲಿಸಿ ತೂಗಿರಬೇಕು, ಹೊಂದದೆ ಇರುವುದಕ್ಕೆ ಕಾರಣ ಕೊಡಬೇಕು, ಕೊನೆಗೆ ತೀರ್ಮಾನವನ್ನು ಬರವಣಿಗೆಯಲ್ಲಿ ಇಡಬೇಕು. ಹವ್ಯಾಸಿಗಳಿಗೆ ಇದು ಜಾಸ್ತಿ ಅನ್ನಿಸಬಹುದು. ನನಗೆ ಕೊನೆಯದ್ದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಬರೆಯಲು ಕೂತಾಗ ಎಲ್ಲಿ ತೂತಿದೆ ಅಂತ ತಾನಾಗಿ ಕಾಣುತ್ತದೆ.

ಅಂಕಿಸಂಖ್ಯೆ
ವಯಸ್ಸಿನ ಲೆಕ್ಕದ ಬಗ್ಗೆ ಎಚ್ಚರ. ಹಳೇ ಕಲ್ಲುಗಳಲ್ಲಿ "ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಬದುಕಿದ್ದ" ಅಂತ ಇರುತ್ತದೆ. ಅದಕ್ಕೆ 8870 ಸೂತ್ರ ಅಂತ ಒಂದನ್ನು ಎಲ್ಲರೂ ಬಳಸುತ್ತಾರೆ. 1872ರ ಮಾರ್ಚ್ 10ಕ್ಕೆ ಸತ್ತ, ವಯಸ್ಸು 64 ವರ್ಷ 5 ತಿಂಗಳು 21 ದಿನ ಅಂದುಕೊಳ್ಳಿ. ಎರಡನ್ನೂ ವರ್ಷ, ತಿಂಗಳು, ದಿನ ಅಂತ ಜೋಡಿಸಿ ಬರೆದು, 18720310ರಿಂದ 640521 ಕಳೆದು, ಅದರಿಂದ 8870 ಕಳೆದರೆ 18070919. ಅಂದರೆ 1807ರ ಸೆಪ್ಟೆಂಬರ್ 19.

ಆದರೆ ಈ ಸೂತ್ರ ಎಲ್ಲ ತಿಂಗಳಿಗೂ 30 ದಿನ ಅಂತ ಹಿಡಿಯುತ್ತದೆ. 1872ರ ಫೆಬ್ರವರಿಗೆ 29 ದಿನ. ಅದನ್ನು ಲೆಕ್ಕಕ್ಕೆ ಹಿಡಿದರೆ ಸೆಪ್ಟೆಂಬರ್ 18 ಬರುತ್ತದೆ. ಅಲ್ಲದೆ ದಿನ, ತಿಂಗಳು ಎರಡರಲ್ಲೂ ದಶಕ ತೆಗೆದುಕೊಂಡು ಕಳೆಯುವಾಗ ಮಾತ್ರ 8870 ಸರಿ. ಇಲ್ಲದಿದ್ದರೆ ಉತ್ತರ ಪೂರ್ತಿ ಹಾಳು. ಹಾಗೆ ಬಂದ ತಾರೀಖನ್ನು ಕಲ್ಲಿನಲ್ಲಿ ಇತ್ತು ಅನ್ನುವ ಹಾಗೆ ಪುಟದಲ್ಲಿ ಇಡುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ. "ವಯಸ್ಸಿನಿಂದ ಲೆಕ್ಕ ಹಾಕಿದ್ದು" ಅಂತ ಸೇರಿಸಿದರೆ ಸಾಕು.

ಪುಟತಿರುವು
ವಯಸ್ಸು ತುಂಬಿದ್ದಾ, ನಡೆಯುತ್ತಿದ್ದದ್ದಾ ಅನ್ನುವುದೂ ಇದೆ. ಶೇಕ್ಸ್‌ಪಿಯರ್ ಸ್ಮಾರಕದಲ್ಲಿ 53 ಅಂತ ಇದೆ. ದೀಕ್ಷಾಸ್ನಾನ 1564ರ ಏಪ್ರಿಲ್ 26, ಸಾವು 1616ರ ಏಪ್ರಿಲ್ 23. 53 ತುಂಬಿರಲು ಸಾಧ್ಯವೇ ಇಲ್ಲ, 53 ನಡೆಯುತ್ತಿತ್ತು ಅಷ್ಟೇ. ಸುಮ್ನೆ ಕಳೆದರೆ ಒಂದು ವರ್ಷ ಆಚೀಚೆ.

ಅಂಕಿಸಂಖ್ಯೆ
ಹೌದು. ಬ್ರಿಟನ್ನಿನ ಕಡೆಯ ಹಳೇ ದಾಖಲೆ ಆದರೆ ಇನ್ನೂ ಕಷ್ಟ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಆ ವರ್ಷ ಕ್ಯಾಲೆಂಡರ್ ಬದಲಿಸಿದ್ದರಿಂದ ಸೆಪ್ಟೆಂಬರ್ 2ರ ಮಾರನೇ ದಿನವೇ 14. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಎರಡೂ ಸರಿ. ಗೊತ್ತಿಲ್ಲದವರು ಇಬ್ಬರು ಮಕ್ಕಳು ಅಂತ ಸೇರಿಸಿಬಿಡುತ್ತಾರೆ.

ಸಂಜೆಗಾಳಿ
ಒಬ್ಬರಿಗೇ ಎರಡು ಕಡೆ ಸಮಾಧಿ ಇದ್ದರೆ? ಒಬ್ಬರ ಹೆಸರಲ್ಲಿ ಎರಡು ಪುಟ ನೋಡಿದ್ದೇನೆ.

ಕಲ್ಲೋದುಗ
ಒಂದು ಬರೀ ಸ್ಮಾರಕ ಇರಬಹುದು. ಮೊಜಾರ್ಟ್ 1791ರಲ್ಲಿ ತೀರಿಕೊಂಡಾಗ ಹೂಳಿದ್ದು ವಿಯೆನ್ನಾದ ಸೇಂಟ್ ಮಾರ್ಕ್ಸ್‌ನಲ್ಲಿ, ಸರಿಯಾದ ಜಾಗ ಯಾರಿಗೂ ಗೊತ್ತಿಲ್ಲ. ಅದೇ ಊರಿನ ದೊಡ್ಡ ಸ್ಮಶಾನದಲ್ಲಿ ಬೀಥೋವನ್ ಸಮಾಧಿಯ ಹತ್ತಿರ ಮೊಜಾರ್ಟ್‌ಗೂ ಒಂದು ಸ್ಮಾರಕ ಇದೆ, ಅದರ ಕೆಳಗೆ ಅವನಿಲ್ಲ. ಯುದ್ಧದಲ್ಲಿ ಸತ್ತವರಲ್ಲೂ ದೇಹ ಸಿಗದವರ ಹೆಸರನ್ನು ಗೋಡೆಯ ಮೇಲೆ ಕೆತ್ತಿರುತ್ತಾರೆ. ಅದನ್ನು "ಇಲ್ಲಿ ಹೂಳಿದ್ದಾರೆ" ಅಂತ ದಾಖಲಿಸಬಾರದು. ಕೊಲಂಬಸ್ ಕತೆ ಕೇಳಿದ್ದೀರಲ್ಲ, ಸೆವಿಲ್ಲೆಯವರೂ ನಮ್ಮಲ್ಲಿ ಅನ್ನುತ್ತಾರೆ, ಸ್ಯಾಂಟೊ ಡೊಮಿಂಗೊದವರೂ ನಮ್ಮಲ್ಲಿ ಅನ್ನುತ್ತಾರೆ.

ಒಂದೇಸಾಲು
ಡಿಎನ್‌ಎ ಟೆಸ್ಟ್ ಮಾಡಿಸಿದರೆ ಎಲ್ಲ ಮುಗಿಯಿತಲ್ಲ.

ಅಂಕಿಸಂಖ್ಯೆ
ಮುಗಿಯುವುದಿಲ್ಲ. ಒಡಹುಟ್ಟಿದವರ ಮಕ್ಕಳ ನಡುವೆ ಸರಾಸರಿ 12.5% ಡಿಎನ್‌ಎ ಹೊಂದುತ್ತದೆ, ದೂರ ಹೋದಂತೆ ಕರಗುತ್ತಾ ಹೋಗುತ್ತದೆ. ನೀವಿಬ್ಬರೂ ಸಂಬಂಧಿಕರು ಅಂತ ಹೇಳಬಹುದು. ಯಾವ ಹಿರಿಯರ ಮೂಲಕ ಅಂತ ಹೇಳಲು ಮತ್ತೆ ಕಾಗದವೇ ಬೇಕು. ತಪ್ಪು ವೃಕ್ಷ ಇಟ್ಟುಕೊಂಡು ಡಿಎನ್‌ಎ ನೋಡಿದರೆ ತಪ್ಪಿಗೇ ವಿಜ್ಞಾನದ ಮುದ್ರೆ ಬೀಳುತ್ತದೆ.

ಪುಟತಿರುವು
ಬೇಕಂತಲೇ ಸುಳ್ಳು ಬರೆದವರನ್ನೂ ಮರೆಯಬೇಡಿ. ಅಮೆರಿಕದಲ್ಲಿ ಗುಸ್ಟಾವ್ ಅಂಜೂ ಅಂತ ಒಬ್ಬನಿದ್ದ, ಸತ್ತಿದ್ದು 1942ರಲ್ಲಿ. ದುಡ್ಡಿದ್ದವರಿಗೆ ಬೇಕಾದ ಹಾಗೆ ವಂಶಾವಳಿ ಕಟ್ಟಿಕೊಡುತ್ತಿದ್ದ. ಇರುವ ದಾಖಲೆಗಳ ನಡುವೆ ಇಲ್ಲದವನ್ನು ನಾಜೂಕಾಗಿ ಸೇರಿಸುತ್ತಿದ್ದ. ಅದೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ದಾಟಿ, ಈಗ ಆನ್‌ಲೈನ್ ವೃಕ್ಷಗಳಲ್ಲೂ ಕೂತಿದೆ. ಸತ್ತು ಇಷ್ಟು ವರ್ಷ ಆದರೂ ಅವನ ಸುಳ್ಳು ಸತ್ತಿಲ್ಲ.

ಬೇರುಹುಡುಕಿ
ಎಲ್ಲರಿಗೂ ವಂದನೆ, ಒಂದೊಂದನ್ನೂ ಓದಿದೆ. ಆ ಅಂಕಿಯನ್ನು ಇನ್ನೊಮ್ಮೆ ಓದುವುದಕ್ಕೆ ಏನು ಮಾಡಬಹುದು? ಯಾರೋ ಸೀಮೆಸುಣ್ಣ ಉಜ್ಜಿ ಅಂದರು. ಶೇವಿಂಗ್ ಕ್ರೀಮ್ ಹಚ್ಚಿ ಅಂತಲೂ ಅಂದರು.

ಕಲ್ಲೋದುಗ
ದಯವಿಟ್ಟು ಎರಡೂ ಬೇಡ! ಕ್ರೀಮಿನಲ್ಲಿರುವ ರಾಸಾಯನಿಕ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿದುಬಿಡುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸೀಮೆಸುಣ್ಣ ಉಜ್ಜಿದರೆ ಮೆತ್ತಗಾದ ಕಲ್ಲಿನ ಅಂಚು ಸವೆಯುತ್ತದೆ. ತಂತಿ ಬ್ರಷ್, ಬ್ಲೀಚ್ ಅಂತೂ ಮುಟ್ಟಲೇಬೇಡಿ.

ಬೆಳಕು ಸಾಕು. ಬಿಸಿಲು ಪಕ್ಕದಿಂದ ಬೀಳುವ ಹೊತ್ತಿಗೆ ಹೋಗಿ. ಕಲ್ಲು ನೆರಳಲ್ಲಿದ್ದರೆ ದೊಡ್ಡ ಕನ್ನಡಿ ಹಿಡಿದು, ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವ ಹಾಗೆ ಬಿಡಿ. ಕೆತ್ತಿದ ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಎಡಗಡೆಯಿಂದ ಒಂದು ಫೋಟೊ, ಬಲಗಡೆಯಿಂದ ಒಂದು, ಮೇಲಿನಿಂದ ಒಂದು ತೆಗೆಯಿರಿ. 8 ಆಗಿದ್ದರೆ ಎಡಬದಿಯಲ್ಲೂ ಉಳಿ ಇಳಿದ ಗುರುತು ಇರಬೇಕು. ಚಕ್ಕೆ ಎದ್ದ ಜಾಗ ಒರಟಾಗಿರುತ್ತದೆ, ಉಳಿ ಹೋದ ಗೆರೆ ನುಣುಪಾಗಿ ಒಳಗೆ ಇಳಿದಿರುತ್ತದೆ. ಅದೇ ಕಲ್ಲಿನಲ್ಲಿ ಬೇರೆ 3 ಅಥವಾ 8 ಇದ್ದರೆ ಪಕ್ಕದಲ್ಲಿ ಇಟ್ಟು ಹೋಲಿಸಿ. ಕೆತ್ತಿದ ಕೈ ಒಂದೇ ಅಲ್ವಾ.

ಹಳೇಕಡತ
ಜತೆಗೆ ಆ ಸ್ಮಶಾನದ ಹೂಳುವಿಕೆಯ ರಿಜಿಸ್ಟರ್ ಕೇಳಿ. 3ರ ವರ್ಷವನ್ನೂ 8ರ ವರ್ಷವನ್ನೂ ನೋಡಿ. ಆ ದಂಪತಿಯ ಮಗ ಏನಾದ ಅಂತಲೂ ಹುಡುಕಿ.

ಬೇರುಹುಡುಕಿ
ಸಿಕ್ಕಿತು! ಪಕ್ಕದ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಎಡಬದಿ ಬರೀ ಒರಟು, ಗೆರೆ ಇಲ್ಲ. ಅದೇ ಕಲ್ಲಿನ ವಯಸ್ಸಿನಲ್ಲಿ ಒಂದು 3 ಇದೆ, ಮೇಲಿನ ಕೊಂಡಿ ಎರಡಕ್ಕೂ ಒಂದೇ ಥರ. ರಿಜಿಸ್ಟರಿನಲ್ಲೂ 3ರ ವರ್ಷದಲ್ಲೇ ಮುತ್ತಜ್ಜನ ಹೆಸರು, ವಯಸ್ಸು, ಹೆಂಡತಿಯ ಹೆಸರು ಇದೆ. 8ರ ವರ್ಷದಲ್ಲಿ ಆ ಹೆಸರಿನವರು ಯಾರೂ ಇಲ್ಲ.

ಹಳೇಕಡತ ಸಾರ್, ನೀವು ಹೇಳಿದ ಹಾಗೆ ಆ ದಂಪತಿಯ ಮಗನನ್ನೂ ಹುಡುಕಿದೆ. ಅವನು ನಾಲ್ಕನೇ ವಯಸ್ಸಿಗೇ ತೀರಿಕೊಂಡಿದ್ದಾನೆ. ಅದೇ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಸಮೇತ ಇದೆ. ಇಷ್ಟು ವರ್ಷ ಆ ಮಗುವಿಗೆ ಪುಟವೇ ಇರಲಿಲ್ಲ. ಅದರ ಅಪ್ಪ ಅಮ್ಮ ನಮ್ಮ ಮುತ್ತಜ್ಜನ ಲೆಕ್ಕಕ್ಕೆ ಸೇರಿಹೋಗಿದ್ದರು.

ಮೂರನೇತಲೆಮಾರು
ಅಬ್ಬಾ! ಇನ್ನು ಯಾರು ಏನು ಹೇಳುತ್ತಾರೆ ನೋಡೋಣ.

ಸಂಜೆಗಾಳಿ
ಆ ಮಗುವಿನ ವಿಷಯ ಓದಿ ಮನಸ್ಸು ಭಾರವಾಯಿತು. ಅವನಿಗೂ ಒಂದು ಪುಟ ಮಾಡಿ, ಅಪ್ಪ ಅಮ್ಮನ ಜತೆ ಸೇರಿಸಿ.

ಹಳೇಕಡತ
ಚೆನ್ನಾಗಿ ಮಾಡಿದಿರಿ. ಈಗ ಪುಟದವರಿಗೆ ಬರೆಯುವಾಗ "ನೀವು ತಪ್ಪು" ಅಂತ ಶುರು ಮಾಡಬೇಡಿ. ಮೂರು ಚಿತ್ರ ಕಳಿಸಿ: ಅಂಕಿಯ ಫೋಟೊ, ಮುತ್ತಜ್ಜನ ರಿಜಿಸ್ಟರ್ ಸಾಲು, ಮಗುವಿನ ರಿಜಿಸ್ಟರ್ ಸಾಲು. ಪ್ರತಿ ಚಿತ್ರದ ಜತೆ ಯಾವ ಪುಸ್ತಕ, ಯಾವ ಪುಟ, ಎಲ್ಲಿ ನೋಡಿದ್ದು ಅಂತ ಬರೆಯಿರಿ. ಏನು ಬದಲಾಗಬೇಕು ಅನ್ನುವುದನ್ನು ಒಂದೊಂದಾಗಿ ಕೇಳಿ: ವರ್ಷ, ಹುಟ್ಟಿದ ತಾರೀಖು ತೆಗೆಯುವುದು, ತಂದೆ ತಾಯಿ ಲಿಂಕ್ ಬಿಡಿಸುವುದು. ವಾರ ಕಳೆದರೂ ಉತ್ತರ ಬರದಿದ್ದರೆ ಆಗ ತಾಣದವರಿಗೆ ಇದೇ ಕಡತ ಕಳಿಸಿ.

ಕ್ಯಾಮೆರಾಹೆಗಲು
ಹೀಗೆ ಬಂದರೆ ನಾನಾದರೆ ಅದೇ ದಿನ ತಿದ್ದುತ್ತೇನೆ.

ಬೇರುಹುಡುಕಿ
ಅವರೂ ತಿದ್ದಿದರು! ವಂದನೆ ಅಂತಲೂ ಬರೆದರು. ಮಗುವಿನ ಪುಟವನ್ನು ಅವರೇ ಮಾಡಿದ್ದಾರೆ. ಆದರೆ ವಂಶವೃಕ್ಷಗಳಲ್ಲಿ ಇನ್ನೂ ಹಳೆಯದ್ದೇ ಇದೆ. ಕೆಲವರಿಗೆ ಸಂದೇಶ ಕಳಿಸಿದೆ, ಹೆಚ್ಚಿನವರು ತಾಣಕ್ಕೆ ಬಂದೇ ವರ್ಷಗಳಾಗಿವೆ.

ನೋಡಿಬರೆ
ಅವರನ್ನೆಲ್ಲ ಹಿಡಿದು ತಿದ್ದಿಸಲು ಆಗುವುದಿಲ್ಲ. ನಿಮ್ಮ ವೃಕ್ಷದಲ್ಲಿ ಮುತ್ತಜ್ಜನ ಹೆಸರಿನ ಕೆಳಗೆ ಒಂದು ಟಿಪ್ಪಣಿ ಹಾಕಿ, ಎಲ್ಲರಿಗೂ ಕಾಣುವ ಹಾಗೆ. ಇಂಥ ದಂಪತಿಯ ಮಗ ಇವರಲ್ಲ, ಅವನು ಬಾಲ್ಯದಲ್ಲೇ ತೀರಿಕೊಂಡ, ಆಧಾರ ಇದು ಅಂತ. ಮುಂದೆ ಹುಡುಕಿಕೊಂಡು ಬರುವವರಿಗೆ ಎರಡು ಮಾತೂ ಸಿಗುತ್ತದೆ, ಅದರಲ್ಲಿ ಒಂದಕ್ಕೆ ಮಾತ್ರ ದಾಖಲೆ ಇರುತ್ತದೆ.

ಬೇರುಹುಡುಕಿ
ಇವತ್ತೇ ಹಾಕುತ್ತೇನೆ. ರಿಜಿಸ್ಟರಿನ ಫೋಟೊಗಳನ್ನೂ ಅದಕ್ಕೇ ಜೋಡಿಸುತ್ತೇನೆ.

ಮೂರನೇತಲೆಮಾರು
ನನ್ನ ಇಬ್ಬರು ಒಂದೇ ಹೆಸರಿನವರ ಹಾಳೆಗಳನ್ನು ಶುರು ಮಾಡಿದ್ದೇನೆ. ಒಬ್ಬ ಬಡಗಿ, ಇನ್ನೊಬ್ಬನ ಕಸುಬು ಎಲ್ಲೂ ಇಲ್ಲ. ಇಬ್ಬರೂ ಒಂದೇ ವರ್ಷ ಮದುವೆಯಾಗಿದ್ದಾರೆ. ಸಹಿ ಹೋಲಿಸಬಹುದಾ?

ಹಳೇಕಡತ
ಅದು ಮೂಲ ರಿಜಿಸ್ಟರ್ ಆಗಿದ್ದರೆ ಮಾತ್ರ. ಗುಮಾಸ್ತ ಮಾಡಿದ ನಕಲಿನಲ್ಲಿ ಎಲ್ಲರ ಸಹಿಯೂ ಅವನ ಕೈಬರಹವೇ. ಹೊಸ ಎಳೆ ಶುರು ಮಾಡಿ, ಎರಡೂ ಪುಟಗಳ ಫೋಟೊ ಹಾಕಿ, ನೋಡೋಣ.